ದನಿಗೆ ಹಕ್ಕು ಬರಲು ಬೇಕಾದ ಕಾಲ

ಹುಬ್ಬಳ್ಳಿಯ ದೇಶಪಾಂಡೆ ನಗರದ ‘ಗಂಗಾಲಹರಿ’ ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಬಾಳಿದ ಮನೆ. ಹಾಡುವವರಿಗೆ ತಮ್ಮದೇ ದನಿಯ ಮೇಲೆ ಕಾನೂನಿನ ಹಕ್ಕು ಎಷ್ಟು ತಡವಾಗಿ ಬಂತೆಂದು ತಿಳಿಯಬೇಕಾದರೆ ಅವರ ಬದುಕಿನ ಇಸವಿಗಳನ್ನೂ ಕಾನೂನಿನ ಇಸವಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ 1932ರ ಸುಮಾರಿಗೆ ಮುಂಬಯಿಯಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದರು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಹಿಡಿಸುವ ಗ್ರಾಮಫೋನ್ ತಟ್ಟೆಗಳು ಅವು. ಆರಂಭದ ತಟ್ಟೆಗಳ ಮೇಲೆ ಅಚ್ಚಾದದ್ದು ‘ಹುಬ್ಬಳ್ಳಿಯ ಮಿಸ್ ಗಾಂಧಾರಿ’ ಎಂಬ ಹೆಸರು. ಆಗ ಜಾರಿಯಲ್ಲಿದ್ದುದು ಬ್ರಿಟಿಷರ ಕಾನೂನನ್ನು ಇಲ್ಲಿಗೆ ಅನ್ವಯಿಸಿದ 1914ರ ಕಾಯ್ದೆ. ಅದರ ಕಣ್ಣಿಗೆ ತಟ್ಟೆಯ ಕರ್ತೃ ಎಂದರೆ ಮೂಲ ಅಚ್ಚಿನ ಮಾಲೀಕ, ಅಂದರೆ ಕಂಪನಿ. ಸ್ವತಂತ್ರ ಭಾರತ 1957ರಲ್ಲಿ ತನ್ನದೇ ಹಕ್ಕುಸ್ವಾಮ್ಯ ಕಾಯ್ದೆ ಮಾಡಿಕೊಂಡಾಗಲೂ ಹಾಡಿದವರಿಗೆಂದು ಒಂದು ಕಲಮೂ ಬರಲಿಲ್ಲ.

ಹಾಡಿಗಾದರೂ ರಕ್ಷಣೆ ಇತ್ತೇ? ಅಲ್ಲಿಯೂ ತೊಡಕು. ಅಚ್ಚಾದ, ಬರೆದಿಟ್ಟ ಸ್ವರಸಂಯೋಜನೆ ಮಾತ್ರ ‘ಸಂಗೀತ ಕೃತಿ’ ಎಂದು 1957ರ ಕಾಯ್ದೆ ಹೇಳಿತ್ತು. ಖಯಾಲ್ ಬೆಳೆದದ್ದು ಗುರುವಿನ ಬಾಯಿಂದ ಶಿಷ್ಯರ ಕಿವಿಗೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಗಂಗೂಬಾಯಿಗೆ ಕಲಿಸಿದ್ದು ಕಾಗದ ಕೊಟ್ಟಲ್ಲ, ಎದುರು ಕೂಡಿಸಿಕೊಂಡು ಮತ್ತೆ ಮತ್ತೆ ಹಾಡಿಸಿ. ಒಂದು ಸ್ವರದ ಮೇಲೆ ನಿಂತು ರಾಗವನ್ನು ಕಟ್ಟುತ್ತ ಹೋಗುವ ಕಿರಾಣಾ ಘರಾಣೆಯ ಇಡೀ ಜೀವ ಹಾಡುವ ಗಳಿಗೆಯಲ್ಲೇ ಹುಟ್ಟುವಂಥದ್ದು. ಆ ಗಳಿಗೆ ಕಾನೂನಿಗೆ ಕಾಣುತ್ತಿರಲಿಲ್ಲ. 1977ರಲ್ಲಿ ಸಿನಿಮಾ ಸಂಗೀತದ ಮೊಕದ್ದಮೆಯೊಂದರ ತೀರ್ಪಿನ ಕೊನೆಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ಕೊರತೆಯನ್ನು ಬೇಸರದಿಂದಲೇ ಎತ್ತಿ ಆಡಿದರು. ಸ್ವರ ಬರೆದವನಿಗೆ ಹಕ್ಕಿದೆ, ಅದಕ್ಕೆ ಜೀವ ತುಂಬಿದ ಕಂಠಕ್ಕೆ ಇಲ್ಲ, ಇದು ಈ ನೆಲದ ಸಂಗೀತಕ್ಕೆ ಹೊಂದುವಂಥದ್ದಲ್ಲ ಎಂಬುದು ಅವರ ಮಾತಿನ ಸಾರ. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುವು ಅದೇ.

ಕಾನೂನು ಕಾಯದಿದ್ದಾಗ ಗವಾಯಿಗಳು ತಮ್ಮನ್ನು ತಾವೇ ಕಾದುಕೊಂಡರು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಯಾರ ಮಕ್ಕಳಿಂದ ವಿದ್ಯೆ ಪಡೆದರೋ ಆ ಅಲ್ಲಾದಿಯಾ ಖಾನ್ ಸಾಹೇಬರು ತಟ್ಟೆಗೆ ಹಾಡಲು ಒಪ್ಪಲೇ ಇಲ್ಲ, ಅವರ ಒಂದೂ ಧ್ವನಿಮುದ್ರಿಕೆ ನಮಗೆ ಉಳಿದಿಲ್ಲ. ಹದಿನೆಂಟನೇ ಶತಮಾನದ ನಿಯಾಮತ್ ಖಾನ್ ‘ಸದಾರಂಗ್’ ಎಂಬ ಅಂಕಿತವನ್ನು ಬಂದಿಶಿನೊಳಗೇ ನೇಯ್ದಿಟ್ಟರು. ವಚನ, ದಾಸರ ಪದಗಳ ನಾಡಿನವರಾದ ನಮಗೆ ಇದು ಹೊಸತೇನಲ್ಲ. ಯಾರು ಬೇಕಾದರೂ ಹಾಡಲಿ, ಕಟ್ಟಿದವರ ಹೆಸರು ಮಾತ್ರ ಜೊತೆಗೇ ಹೋಗುತ್ತದೆ.

ಕಡೆಗೆ 1994ರ ತಿದ್ದುಪಡಿ ಬಂತು, 1995ರ ಮೇ ತಿಂಗಳಿಂದ ಜಾರಿಯಾಯಿತು. ಸಂಗೀತ ಕೃತಿ ಬರಹದಲ್ಲೇ ಇರಬೇಕೆಂಬ ಷರತ್ತು ಹೋಯಿತು. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಉಪನ್ಯಾಸ ಕೊಡುವವರು, ಹಾವಾಡಿಗರು ಕೂಡ ‘ಪ್ರದರ್ಶಕರು’ ಎನಿಸಿ ಅವರಿಗೆ 25 ವರ್ಷದ ಹಕ್ಕು ದಕ್ಕಿತು. 1999ರ ತಿದ್ದುಪಡಿ ಅದನ್ನು 50ಕ್ಕೆ ಏರಿಸಿತು. ಆದರೆ ಗಾಂಧಾರಿಯ ಆ ತಟ್ಟೆಗಳ 50 ವರ್ಷದ ಹಕ್ಕಿನ ಅವಧಿ 1980ರ ದಶಕದಲ್ಲೇ ತೀರಿಹೋಗಿತ್ತು. ಹಕ್ಕು ಹುಟ್ಟಿದ್ದೂ ಕಂಪನಿಯ ಹೆಸರಲ್ಲಿ, ಮುಗಿದದ್ದೂ ಕಂಪನಿಯ ಹೆಸರಲ್ಲಿ. ಆ ದನಿಯ ಒಡತಿ ಆಗಿನ್ನೂ ಕಛೇರಿ ಕೊಡುತ್ತಿದ್ದರು.

2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದರಿಗೆ ರಾಯಲ್ಟಿ ಸಲ್ಲಬೇಕು, ಹಾಡಿದವರೆಂದು ಅವರ ಹೆಸರು ಹೇಳಬೇಕು, ಗೌರವಕ್ಕೆ ಕುಂದು ತರುವಂತೆ ಹಾಡನ್ನು ತಿರುಚಬಾರದು. ಗಂಗೂಬಾಯಿ 2009ರ ಜುಲೈನಲ್ಲೇ ತೀರಿಕೊಂಡಿದ್ದರು. ತಿದ್ದುಪಡಿಯ ಮರುವರ್ಷ ಲತಾ ಮಂಗೇಶ್ಕರ್ ಮೊದಲಾದ ಗಾಯಕರು ರಾಯಲ್ಟಿ ವಸೂಲಿಗೆ ಸಂಘವನ್ನೇ ಕಟ್ಟಿಕೊಂಡರು.

ರಚಿಸಿದವರ ಹಕ್ಕಿನ ಗಂಟು ಮಾತ್ರ ಇನ್ನೂ ಬಿಗಿಯಾಗಿಯೇ ಇದೆ. ‘ಶಿವಸ್ತುತಿ’ ಎಂಬ ಧ್ರುಪದ ತಮ್ಮ ತಂದೆ ಮತ್ತು ದೊಡ್ಡಪ್ಪನ ರಚನೆ, ಅದನ್ನು ಸಿನಿಮಾ ಹಾಡಿಗೆ ಬಳಸಿಕೊಂಡಿದ್ದಾರೆ ಎಂದು ಫಯ್ಯಾಜ್ ವಾಸಿಫುದ್ದೀನ್ ಡಾಗರ್ ಅವರು ಎ.ಆರ್. ರೆಹಮಾನ್ ವಿರುದ್ಧ ದಾವೆ ಹೂಡಿದರು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಏಪ್ರಿಲಿನಲ್ಲಿ ಡಾಗರರ ಪರ ಆದೇಶ ಕೊಟ್ಟಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಹಾಡಿದ ಮಾತ್ರಕ್ಕೆ ರಚಿಸಿದವರು ಎಂದಾಗದು ಎಂಬುದು ಅದರ ನಿಲುವು. ಬಾಯಿಂದ ಬಾಯಿಗೆ ಬಂದ ವಿದ್ಯೆಗೆ ಸಾಕ್ಷಿ ಎಲ್ಲಿಂದ ತರಬೇಕು? ಸ್ವಂತ ಬಂದಿಶ್ ಕಟ್ಟುವ ನಮ್ಮ ಭಾಗದ ಗುರುಗಳು ಸ್ವರಲಿಪಿ ಬರೆದು ತಾರೀಖು ಹಾಕಿ ಇಡುವುದು ಒಳ್ಳೆಯದು.

ಸವಾಯಿ ಗಂಧರ್ವ ಕಲಾಮಂದಿರದಂಥ ಸಭಾಂಗಣಗಳಲ್ಲಿ ಈಗ ಯಾರ ಕೈಯಲ್ಲಾದರೂ ರೆಕಾರ್ಡಿಂಗ್ ಯಂತ್ರವಿದೆ. ಮನೆಯಲ್ಲಿ ಕೂತು ಕೇಳಲು, ಕಲಿಯಲು ಮುದ್ರಿಸಿಕೊಂಡರೆ ಕಾಯ್ದೆ ಅಡ್ಡಬರುವುದಿಲ್ಲ. ಅದನ್ನೇ ಯೂಟ್ಯೂಬಿಗೆ ಏರಿಸಲು ಕಲಾವಿದರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಬೇಕಾದವರು ಮುಖ್ಯ ಗಾಯಕರೊಬ್ಬರೇ ಅಲ್ಲ. ತಬಲಾ, ಹಾರ್ಮೋನಿಯಂ ಸಾಥಿ ಕೊಡುವವರೂ ಕಾನೂನಿನ ಪ್ರಕಾರ ಪ್ರದರ್ಶಕರೇ. ಕಛೇರಿಯನ್ನು ನೇರಪ್ರಸಾರ ಮಾಡುವ ಸಂಘಟಕರು ಅವರ ಸಹಿಯನ್ನೂ ಕೇಳಿ ಪಡೆಯಬೇಕು, ಹಣ ಬಂದರೆ ಅವರ ಪಾಲನ್ನೂ ತೆಗೆದಿಡಬೇಕು.