ತಪ್ಪು ಇಬ್ಬರದಾದರೆ ಪರಿಹಾರವೆಷ್ಟು?

ಎರಡು ಕೈ ಸೇರಿದರೆ ಚಪ್ಪಾಳೆ ಎಂಬುದು ಹಿರಿಯರ ಮಾತು. ಅಪಘಾತಗಳಲ್ಲಿಯೂ ಎಷ್ಟೋ ವೇಳೆ ತಪ್ಪು ಇಬ್ಬರಲ್ಲಿಯೂ ಇರುವುದುಂಟು. ಆಗ ನೊಂದವನಿಗೆ ಪರಿಹಾರ ಸಲ್ಲಬೇಕೆ?

ಸಲ್ಲದೆಂದು 1809ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತೀರ್ಪಿತ್ತಿತು. ಡರ್ಬಿಯಲ್ಲಿ ಒಬ್ಬನು ಮನೆಯ ದುರಸ್ತಿಗಾಗಿ ರಸ್ತೆಗೆ ಅಡ್ಡಲಾಗಿ ಗಳುವೊಂದನ್ನು ಇರಿಸಿದ್ದನು. ಮುಸ್ಸಂಜೆಯಲ್ಲಿ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುತ್ತ ಬಂದವನು ಅದಕ್ಕೆ ತಾಗಿ ಬಿದ್ದನು. ಎಚ್ಚರದಿಂದ ಬಂದಿದ್ದರೆ ಗಳು ಕಾಣುತ್ತಿತ್ತೆಂದು ಅವನಿಗೆ ಬಿಡಿಗಾಸೂ ದೊರೆಯಲಿಲ್ಲ. ಈ ಕಠೋರ ನಿಯಮವನ್ನು ಅಲ್ಲಿ 1945ರ ಶಾಸನ ತೊಡೆದುಹಾಕಿತು. ತಪ್ಪಿನ ಪಾಲಿಗೆ ತಕ್ಕಷ್ಟೇ ಪರಿಹಾರ ಕಡಿತವಾಗತೊಡಗಿತು.

ನಮ್ಮ ವಾಹನ ಅಪಘಾತ ನ್ಯಾಯಮಂಡಳಿಗಳೂ ಹೀಗೆಯೇ ತೂಗಿ ನೋಡುತ್ತವೆ. ನಷ್ಟ ಹತ್ತು ಲಕ್ಷ ರೂಪಾಯಿ, ನೊಂದವನ ತಪ್ಪು ಶೇಕಡಾ 25 ಎಂದಾದರೆ ಏಳೂವರೆ ಲಕ್ಷ ಸಲ್ಲುತ್ತದೆ. ಆದರೆ ಪ್ರತಿಯೊಂದು ನಿಯಮಭಂಗವೂ ಕಡಿತಕ್ಕೆ ಕಾರಣವಾಗದು. ಮೂವರು ಕುಳಿತಿದ್ದ ಮೋಟಾರ್ ಸೈಕಲ್ಲಿಗೆ ಹಿಂದಿನಿಂದ ಕಾರು ಬಡಿದು ಒಬ್ಬನು ಮಡಿದ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಶೇಕಡಾ 10 ಕಡಿತ ಮಾಡಿತ್ತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಮೂವರು ಕುಳಿತದ್ದೇ ಅಪಘಾತಕ್ಕಾಗಲಿ ಪೆಟ್ಟಿಗಾಗಲಿ ಕಾರಣವಾಯಿತೆಂಬುದು ಸಿದ್ಧವಾಗಬೇಕೆಂದು ಅದು ಹೇಳಿತು.

ಗಡಿನಾಡಿನವರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಅಪಘಾತ ಗಡಿಯಾಚೆ ನಡೆದರೂ 1988ರ ಮೋಟಾರು ವಾಹನ ಕಾಯಿದೆಯಂತೆ ನಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಸಲ್ಲಿಸಬಹುದು. ನಮ್ಮವನದೂ ತಪ್ಪಿತ್ತಲ್ಲ ಎಂದು ದುಃಖದಲ್ಲಿ ಕೈಕಟ್ಟಿ ಕುಳಿತರೆ, ಮಕ್ಕಳಿಗೆ ನ್ಯಾಯವಾಗಿ ಬರಬೇಕಾದ ಪಾಲೂ ಕೈಬಿಟ್ಟುಹೋದೀತು.