ಸಹಾಯಕ ತಂಪುಕಾರಿ ಫ್ಯಾನ್

ಸಹಾಯಕ ತಂಪುಕಾರಿ ಫ್ಯಾನ್ ಎಂಬುದು ಕಾರಿನ ಮುಖ್ಯ ಫ್ಯಾನಿಗೆ ನೆರವಾಗಿ, ರೇಡಿಯೇಟರ್ ಹಾಗೂ ಹವಾನಿಯಂತ್ರಣದ ಕಂಡೆನ್ಸರ್‌ಗಳ ಮೂಲಕ ಗಾಳಿ ಹಾಯಿಸುವ ವಿದ್ಯುತ್ ಫ್ಯಾನು. ಇದನ್ನು ಆಕ್ಸಿಲರಿ ಫ್ಯಾನ್ ಎಂದೂ ಕರೆಯುತ್ತಾರೆ. ಹಳೆಯ ಕಾರುಗಳಲ್ಲಿ ಅನೇಕವು ಮುಖ್ಯ ಫ್ಯಾನನ್ನು ಎಂಜಿನ್ನಿನಿಂದಲೇ ತಿರುಗಿಸುತ್ತವೆ. ವಾಹನದಟ್ಟಣೆಯಲ್ಲಿ ಕಾರು ನಿಂತಾಗ ಎದುರುಗಾಳಿ ಇರುವುದಿಲ್ಲ. ಎಂಜಿನ್ನಿನೊಡನೆ ಆ ಫ್ಯಾನಿನ ವೇಗವೂ ತಗ್ಗುತ್ತದೆ. ಈ ಕೊರತೆಯನ್ನು ಸಹಾಯಕ ಫ್ಯಾನು ತುಂಬುತ್ತದೆ. ಅದು ಕೆಟ್ಟುದನ್ನು ಅಲಕ್ಷಿಸಿದರೆ ಎಂಜಿನ್ ಅತಿಯಾಗಿ ಕಾದು ಸಿಲಿಂಡರ್ ಹೆಡ್ ಬಾಗುವ ಸಂಭವವುಂಟು.

ಕಾರ್ಯವಿಧಾನ

1984ರಲ್ಲಿ ಬಂದ ಮರ್ಸಿಡಿಸ್-ಬೆಂಜ್ ಡಬ್ಲ್ಯು124 ಇದಕ್ಕೆ ಉತ್ತಮ ಉದಾಹರಣೆ. ಭಾರತದಲ್ಲಿ ಈ ಕಾರನ್ನು 1995ರಿಂದ ಪುಣೆಯಲ್ಲಿ ಜೋಡಿಸಲಾಯಿತು. ಹವಾನಿಯಂತ್ರಣವುಳ್ಳ ಕಾರುಗಳಲ್ಲಿ ಸಹಾಯಕ ಫ್ಯಾನು ಕಂಡೆನ್ಸರ್‌ನ ಮುಂದಿದ್ದು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಶೀತಕ ಅನಿಲದ ಒತ್ತಡ ಏರಿದಾಗ ವಿದ್ಯುತ್ತು ರೆಸಿಸ್ಟರ್ ಮೂಲಕ ಹರಿದು ಫ್ಯಾನು ನಿಧಾನವಾಗಿ ತಿರುಗುತ್ತದೆ. ಎಂಜಿನ್ನಿನ ಕೂಲೆಂಟ್ 100 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಪೂರ್ಣ ವೇಗ ಪಡೆಯುತ್ತದೆ. ರೆಸಿಸ್ಟರ್ ಸುಟ್ಟುಹೋದರೆ ನಿಧಾನಗತಿ ಮಾತ್ರ ನಿಲ್ಲುತ್ತದೆ. ಆಗ ಸುಸ್ಥಿತಿಯಲ್ಲಿರುವ ಫ್ಯಾನು ಕೂಡ ಕೆಟ್ಟಂತೆ ತೋರುತ್ತದೆ.

ಬದಲಾಯಿಸುವ ಮುನ್ನ

ಎಂಜಿನ್ ನಿಂತ ಮೇಲೂ ಕೆಲವು ಕಾರುಗಳ ಫ್ಯಾನು ಹಠಾತ್ತನೆ ತಿರುಗಬಲ್ಲದು. ಆದುದರಿಂದ ಕೈಹಾಕುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ರೆಕ್ಕೆಗಳು ಸಲೀಸಾಗಿ ತಿರುಗುತ್ತವೆಯೇ ಎಂದು ನೋಡಿದ ನಂತರ, ಮೋಟಾರಿನ ಕನೆಕ್ಟರ್ ಬಿಡಿಸಿ, ಫ್ಯೂಸ್ ಇರುವ ಪ್ರತ್ಯೇಕ ತಂತಿಯ ಮೂಲಕ ಅದಕ್ಕೆ 12 ವೋಲ್ಟ್ ಕೊಟ್ಟು ಪರೀಕ್ಷಿಸಬೇಕು. ಈ ಹೊತ್ತಿನಲ್ಲಿ ರೆಕ್ಕೆಗಳಿಂದ ದೂರವಿರಬೇಕು. ಮೋಟಾರು ಸರಾಗವಾಗಿ ತಿರುಗಿದರೆ ದೋಷವು ಫ್ಯೂಸ್, ರಿಲೇ, ಸ್ವಿಚ್, ರೆಸಿಸ್ಟರ್ ಅಥವಾ ತಂತಿಯಲ್ಲಿರುತ್ತದೆ. ಹೊಸ ಫ್ಯಾನಿನ ಅಗತ್ಯವಿರುವುದಿಲ್ಲ.

ಸಾಮರ್ಥ್ಯ ಹೆಚ್ಚಿಸುವುದು

1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಆರ್-12 ಅನಿಲದ ಬಳಕೆ ನಿಂತು, ಅನೇಕ ಹಳೆಯ ಕಾರುಗಳು ಆರ್-134ಎ ಅನಿಲಕ್ಕೆ ಪರಿವರ್ತಿತವಾದವು. ಬಿಸಿಲಿನಲ್ಲಿ ಕಾರು ನಿಂತಾಗ ಹೊಸ ಅನಿಲದ ಒತ್ತಡ ಹೆಚ್ಚು ಏರುವುದರಿಂದ ಕಂಡೆನ್ಸರ್‌ಗೆ ಅಧಿಕ ಗಾಳಿ ಬೇಕಾಗುತ್ತದೆ. ಬಲವಾದ ಫ್ಯಾನಿನ ಬೇಡಿಕೆಗೆ ಇದೂ ಒಂದು ಕಾರಣ.

12 ವೋಲ್ಟಿನಲ್ಲಿ 120 ವ್ಯಾಟ್ ಫ್ಯಾನು 10 ಆಂಪಿಯರ್, 240 ವ್ಯಾಟ್ ಫ್ಯಾನು 20 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಆರಂಭದ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು. ಹಳೆಯ ತಂತಿಯನ್ನು ಹಾಗೆಯೇ ಉಳಿಸಿ ದೊಡ್ಡ ಫ್ಯೂಸ್ ಮಾತ್ರ ಹಾಕಿದರೆ ತಂತಿ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ತಕ್ಕ ದಪ್ಪದ ಹೊಸ ತಂತಿ, ಪ್ರತ್ಯೇಕ ರಿಲೇ ಮತ್ತು ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಅಳವಡಿಸುವುದು ಸುರಕ್ಷಿತ. ಗಾಳಿ ಮುಂದಿನಿಂದ ಹಿಂದಕ್ಕೇ ಸಾಗುವಂತಿರಬೇಕು. ದಿಕ್ಕು ತಿರುಗುಮುರುಗಾದರೆ ಅದು ಎದುರುಗಾಳಿಗೂ ಮುಖ್ಯ ಫ್ಯಾನಿಗೂ ವಿರುದ್ಧವಾಗಿ ದುಡಿಯುತ್ತದೆ.

ಮಿತಿಗಳು

ಕಾರು ನಿಂತಾಗ ಮಾತ್ರ ಎಂಜಿನ್ ಕಾದರೆ ಗಾಳಿಯ ಕೊರತೆಯನ್ನು ಶಂಕಿಸಬಹುದು. ಹೆದ್ದಾರಿಯ ವೇಗದಲ್ಲಿಯೂ ಕಾದರೆ ಕಟ್ಟಿಕೊಂಡ ರೇಡಿಯೇಟರ್, ಕೆಟ್ಟ ಥರ್ಮೋಸ್ಟ್ಯಾಟ್, ನೀರಿನ ಪಂಪು ಅಥವಾ ಕೂಲೆಂಟ್ ಸೋರಿಕೆಯನ್ನು ಪರಿಶೀಲಿಸಬೇಕು. ಇಂತಹ ದೋಷಗಳನ್ನು ಎಷ್ಟೇ ದೊಡ್ಡ ಫ್ಯಾನಾದರೂ ನಿವಾರಿಸಲಾರದು.