ಗುಡ್ಡದ ಹೊಟ್ಟೆಯೊಳಗೆ ಐವತ್ತು ಡಾಲರ್ ಮನೆ

1971ರಲ್ಲಿ ಅಮೆರಿಕದ ಐಡಾಹೋ ರಾಜ್ಯದ ಉತ್ತರ ತುದಿ, ಬಾನರ್ಸ್ ಫೆರಿ ಕಡೆಯ ಕಾಡುಗುಡ್ಡದಲ್ಲಿ ಮೈಕ್ ಓಹ್ಲರ್ ಎಂಬಾತ ನೆಲ ಅಗೆದು ಮನೆ ಕಟ್ಟಿಕೊಂಡ. ಖರ್ಚಾದ ದುಡ್ಡು ಐವತ್ತು ಡಾಲರ್. ಕೆಲವು ವರ್ಷದ ಮೇಲೆ ಅದನ್ನೇ ಹಿಗ್ಗಿಸಿದಾಗಲೂ ಲೆಕ್ಕ ಐನೂರರ ಆಸುಪಾಸಿನಲ್ಲೇ ನಿಂತಿತು. ಮರದ ಕಂಬ, ಹಲಗೆ, ಪಾಲಿಥೀನ್ ಹಾಳೆ. ಮುಖ್ಯ ಸಾಮಗ್ರಿ ಇಷ್ಟೇ. ಕಾಂಕ್ರೀಟಿನ ಗೊಡವೆಯಿಲ್ಲ. 1978ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿ ತಾನೇ ಪ್ರಕಟಿಸಿದ. ಪ್ರಕಾಶನದ ಹೆಸರು 'ಮೋಲ್'. ಬಿಲ ತೋಡಿ ಮಣ್ಣಲ್ಲೇ ಬದುಕುವ ಪ್ರಾಣಿಯದು!

ಹಿಮ ಬೀಳುವ ಊರಲ್ಲಿ ನೆಲದೊಳಗಿನ ಮನೆ ಬೆಚ್ಚಗಿರುವುದು ಹೇಗೆ? ಮಾಗಿಯ ಬೆಳಗ್ಗೆ ಬಾವಿಯಿಂದ ಸೇದಿದ ನೀರು ಹಬೆಯಾಡುವುದನ್ನು ಕಂಡವರಿಗೆ ಅರ್ಧ ಉತ್ತರ ಗೊತ್ತು. ಮಣ್ಣಿನಲ್ಲಿ ಶಾಖ ಬಲು ನಿಧಾನಕ್ಕೆ ಸಾಗುತ್ತದೆ. ಹಗಲು ರಾತ್ರಿಯ ಏರಿಳಿತ ಒಂದು ಗೇಣು ಇಳಿಯುವಷ್ಟರಲ್ಲಿ ಬಹುಪಾಲು ಅಡಗುತ್ತದೆ. ಬೇಸಿಗೆ ಚಳಿಗಾಲಗಳ ಏರಿಳಿತ ಇನ್ನೂ ಆಳಕ್ಕೆ ಹೋದರೂ, ಸಾಧಾರಣ ಮಣ್ಣಿನಲ್ಲಿ ಎರಡು ಮೀಟರ್ ದಾಟುವಾಗ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ, ಅದೂ ಎರಡು ತಿಂಗಳು ತಡವಾಗಿ. ಮೇಲೆ ಹಿಮ ಸುರಿಯುವಾಗ ಕೆಳಗಿನ ಮಣ್ಣಿಗಿನ್ನೂ ಚಳಿಗಾಲ ಬಂದಿರುವುದಿಲ್ಲ. ಒಲೆ ಬೇಕೇ ಬೇಕು, ಆದರೆ ಸೌದೆ ಕಡಿಮೆ ಸಾಕು.

ಶಾಖದ ಕೆಲಸ ಮಣ್ಣೇ ನೋಡಿಕೊಳ್ಳುತ್ತದೆ. ತಲೆ ಕೆಡಿಸುವುದು ನೀರು. ಇಳಿಜಾರಿನಲ್ಲಿ ಮನೆ ಹೂತು ಕಣಿವೆಯ ಕಡೆಗೆ ಮಾತ್ರ ಕಿಟಕಿ ಇಡುವುದನ್ನು ಓಹ್ಲರ್ 'ಮೊದಲು ತೋಚಿದ ಮನೆ' ಎಂದು ಛೇಡಿಸುತ್ತಿದ್ದ. ಹಾಗೆ ಕಟ್ಟಿದರೆ ಗುಡ್ಡದ ನೀರೆಲ್ಲ ಹಿಂಗೋಡೆಗೆ ಬಂದು ನಿಲ್ಲುತ್ತದೆ, ಹಿಂದಿನ ಕೋಣೆ ಹಗಲಲ್ಲೂ ಕತ್ತಲು. ಆತ ಮಾಡಿದ್ದೇನೆಂದರೆ, ಮನೆಯ ಹಿಂದೆ, ಗುಡ್ಡದ ಮೇಲ್ಬದಿಗೆ, ಇನ್ನೊಂದು ತೆರೆದ ಅಂಗಳ ಅಗೆದ. ಇಳಿದುಬಂದ ನೀರು ಗೋಡೆ ಮುಟ್ಟುವ ಮೊದಲೇ ಅಲ್ಲಿ ಚರಂಡಿ ಹಿಡಿದು ಪಕ್ಕಕ್ಕೆ ಹೋಗುತ್ತದೆ. ಅಂಗಳದ ಅಂಚನ್ನು ಮೆಟ್ಟಿಲಾಗಿ ಕಡಿದು ಗಿಡ ನೆಟ್ಟರೆ ಹಿಂದಿನ ಕಿಟಕಿಯಲ್ಲೂ ಬೆಳಕು, ಹಸಿರು. ನನ್ನ ಮಟ್ಟಿಗೆ ಅಗ್ಗದ ಬೆಲೆಗಿಂತ ದೊಡ್ಡ ಶೋಧ ಈ ಅಂಗಳವೇ.

ಮಾಡಿನ ಮೇಲೆ ಒಂದು ಪಾಲಿಥೀನ್, ತೆಳುವಾಗಿ ಮಣ್ಣು, ಮತ್ತೊಂದು ಪಾಲಿಥೀನ್, ಮತ್ತೆ ಮಣ್ಣು, ಮೇಲೆ ಹುಲ್ಲು. ಪ್ಲಾಸ್ಟಿಕ್ಕನ್ನು ಬೇಗ ಕೊಲ್ಲುವುದು ಬಿಸಿಲಿನ ನೇರಳಾತೀತ ಕಿರಣ. ಹೂತ ಹಾಳೆ ಬಹುಕಾಲ ಬಾಳುತ್ತದೆ. ಆದರೆ ಭಾರ? ಒದ್ದೆ ಮಣ್ಣು ಒಂದಡಿ ದಪ್ಪವಿದ್ದರೂ ಚದರ ಮೀಟರಿಗೆ ಅರ್ಧ ಟನ್ನು ದಾಟುತ್ತದೆ. ಕಂಬದಲ್ಲಿ ಚೌಕಾಸಿ ಮಾಡಿದವನು ಮಣ್ಣಾಗುತ್ತಾನೆ.

ಸಾಲವಿಲ್ಲದ ಸೂರು, ತೋಟದ ಊಟ ಅವನ ಬದುಕಿನ ಲೆಕ್ಕಾಚಾರ. ನೆಲದೊಳಗಿನ ಹಸಿರುಮನೆಯ ಬಗ್ಗೆಯೂ ಒಂದು ಪುಸ್ತಕ ಬರೆದ. ಅದರ ಮರ್ಮ ಇಷ್ಟು: ತಣ್ಣನೆಯ ಗಾಳಿ ಭಾರ. ಗಿಡಗಳ ಪಾತಿಗಿಂತ ಕೆಳಗೊಂದು ಕಂದಕ ತೋಡಿಟ್ಟರೆ ರಾತ್ರಿ ಚಳಿಯೆಲ್ಲ ಅದರೊಳಗೆ ಇಳಿದು ಕೂರುತ್ತದೆ.

ಓಹ್ಲರ್ 2016ರಲ್ಲಿ ತೀರಿಕೊಂಡ. ಐವತ್ತು ಡಾಲರಿನಲ್ಲಿ ಅವನ ಬೆವರಿನ ಕೂಲಿ ಸೇರಿಲ್ಲ, ಮಣ್ಣಲ್ಲಿ ನಿಂತ ಮರ ಲಡ್ಡಾಗುವ ಭಯವೂ ತಪ್ಪಿದ್ದಲ್ಲ. ನಮ್ಮಲ್ಲಾದರೆ ಮಳೆಗಾಲದ ತೇವದ ಗಾಳಿ ತಂಪು ಗೋಡೆಗೆ ತಾಗಿದರೆ ಒಳಗೇ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಯ ಒಣ ದಿಬ್ಬದವರು ಬೇಕಿದ್ದರೆ ಯೋಚಿಸಿ. ಆಗುಂಬೆ ಕಡೆಯವರು ಮಾತ್ರ ದಯವಿಟ್ಟು ಈ ಸಾಹಸಕ್ಕೆ ಕೈ ಹಾಕಬೇಡಿ.